ಒಂದೇ ಓಟ, ಮೂರು ಅಂಕ

ಹೋದ ಸಲ ಅಮೆರಿಕದ ಕುದುರೆ ರೇಸಿನ ಸ್ಪೀಡ್ ಫಿಗರ್ ಬಗ್ಗೆ ಯಾರೋ ಕೇಳಿದ್ದಕ್ಕೆ ನಾಲ್ಕು ಸಾಲು ಬರೆದು ಕೈತೊಳೆದುಕೊಂಡಿದ್ದೆ. ಕುದುರೆ ಓಡಿದ ಟೈಮ್ ತಗೊಳ್ಳಿ, ಆ ದಿನ ಟ್ರ್ಯಾಕ್ ಎಷ್ಟು ಜೋರಾಗಿತ್ತು ಅನ್ನೋದನ್ನು ಕೂಡಿಸಿ ಕಳೆದು ಒಂದು ಅಂಕಕ್ಕೆ ಇಳಿಸಿ, ಅದೇ ಸ್ಪೀಡ್ ಫಿಗರ್, ಅಷ್ಟೇ ಅಂದಿದ್ದೆ. "ಅಷ್ಟೇ ಅಲ್ಲ" ಅಂತ ಪತ್ರಗಳು ಬಂದಿವೆ. ಕೆಲವರು ಬೈದೂ ಇದ್ದಾರೆ. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಸಾರ್, ಒಂದೇ ಕುದುರೆ, ಒಂದೇ ಓಟ. ಬೇಯರ್ ಫಿಗರ್ 92 ಅಂತಿದೆ. ಇನ್ನೊಂದು ಕಡೆ 101. ಗೆಳೆಯರ ಹತ್ತಿರ ಇದ್ದ ಶೀಟ್ ನೋಡಿದರೆ ಬರೀ 6! ಯಾವುದನ್ನು ನಂಬೋದು?

ಉತ್ತರ: ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋದನ್ನು ಮೊದಲು ಬಿಡಿ. ಒಬ್ಬರು ಮೊಳದಲ್ಲಿ ಅಳೆದಿದ್ದಾರೆ, ಇನ್ನೊಬ್ಬರು ಗೇಣಿನಲ್ಲಿ. ಆಂಡ್ರ್ಯೂ ಬೇಯರ್ ಶುರುಮಾಡಿದ ಬೇಯರ್ ಫಿಗರಿನಲ್ಲಿ ಅಂಕ ಜಾಸ್ತಿ ಇದ್ದಷ್ಟೂ ಒಳ್ಳೆಯದು. ದೊಡ್ಡ ರೇಸ್ ಗೆಲ್ಲುವ ಕುದುರೆಗಳು 100 ದಾಟುತ್ತವೆ. ಲೆನ್ ರಾಗೊಜಿನ್ ಅವರ ಶೀಟು (ಕುದುರೆಗಳ ಅಂಕ ಬರೆದ ಹಾಳೆ), ಅವರ ಹತ್ತಿರ ಇದ್ದು ಹೊರಬಂದ ಜೆರ್ರಿ ಬ್ರೌನ್ ಅವರ ಥೋರೋ-ಗ್ರಾಫ್, ಇವೆರಡರಲ್ಲೂ ತಿರುಗುಮುರುಗು. ಅಂಕ ಕಮ್ಮಿ ಇದ್ದಷ್ಟೂ ಒಳ್ಳೆಯದು, ಸೊನ್ನೆ ಹತ್ತಿರ ಬಂದರೆ ಭಾರಿ ಕುದುರೆ. ಬ್ರಿಟನ್ನಿನ ಟೈಮ್‌ಫಾರ್ಮ್‌ನವರು ಇದನ್ನೇ ಕುದುರೆ ಬೆನ್ನ ಮೇಲೆ ಹೊರುವ ತೂಕದ ಲೆಕ್ಕದಲ್ಲಿ, ಪೌಂಡುಗಳಲ್ಲಿ ಹೇಳುತ್ತಾರೆ.

ಹಾಗಾಗಿ 92, 101, 6 ಒಂದಕ್ಕೊಂದು ಜಗಳ ಆಡುತ್ತಿವೆ ಅಂತ ಅಲ್ಲ. ಕೇಳಬೇಕಾದ್ದು ಬೇರೆ. ಅದೇ ರೇಸಿನಲ್ಲಿ ಎರಡನೆಯದಾಗಿ ಬಂದ ಕುದುರೆಗೂ ನಿಮ್ಮ ಕುದುರೆಗೂ ನಡುವೆ ಮೂವರೂ ಎಷ್ಟೆಷ್ಟು ಅಂತರ ಹಾಕಿದ್ದಾರೆ? ಹೋದ ತಿಂಗಳ ಓಟಕ್ಕಿಂತ ಈ ಓಟ ಚೆನ್ನಾಗಿತ್ತು ಅಂತ ಮೂವರೂ ಒಪ್ಪುತ್ತಾರಾ? ಅಲ್ಲಿ ಒಪ್ಪದಿದ್ದರೆ ನಿಜವಾದ ಜಗಳ ಇದೆ ಅಂತ ಅರ್ಥ. ಅದರ ಬೇರು ಎಲ್ಲಿ ಅಂತ ಮುಂದಿನ ಪತ್ರಗಳಲ್ಲಿ ಬರುತ್ತದೆ.

ಪ್ರಶ್ನೆ: ಹಳೆ ರೇಸ್ ಪೇಪರುಗಳಲ್ಲಿ 85-17 ಅಂತ ಎರಡು ಅಂಕ ಇರುತ್ತಿತ್ತು. ಎರಡನ್ನೂ ಕೂಡಿಸಿದರೆ ಆಯ್ತು ಅಂತಿದ್ದರು. ಅದು ಸಾಲದಾ?

ಉತ್ತರ: ಸಾಲದು. ಆ 85 ಹೇಗೆ ಬರುತ್ತಿತ್ತು ಅಂದರೆ, ಆ ಟ್ರ್ಯಾಕಿನಲ್ಲಿ ಆ ದೂರಕ್ಕೆ ಕಳೆದ ಮೂರು ವರ್ಷಗಳ ಅತಿ ಒಳ್ಳೆಯ ಟೈಮಿಗೆ 100 ಕೊಟ್ಟು, ಅದಕ್ಕಿಂತ ಸೆಕೆಂಡಿನ ಐದನೇ ಒಂದು ಭಾಗ ತಡವಾದರೆ ಒಂದೊಂದು ಅಂಕ ಕಳೆಯುತ್ತಿದ್ದರು. ಮೂರು ಸೆಕೆಂಡ್ ತಡ ಅಂದರೆ 15 ಅಂಕ ಹೋಯಿತು, 85 ಉಳಿಯಿತು. ಇಲ್ಲಿಯವರೆಗೆ ಸರಿ. ಪಕ್ಕದ 17 ಇದೆಯಲ್ಲ, ಅದು ಟ್ರ್ಯಾಕ್ ವೇರಿಯಂಟ್, ಅಂದರೆ ಆ ದಿನದ ರೇಸುಗಳ ಗೆಲುವಿನ ಟೈಮುಗಳು ಆ 100ಕ್ಕಿಂತ ಸರಾಸರಿ ಎಷ್ಟು ಕೆಳಗಿದ್ದವು ಅನ್ನೋ ಲೆಕ್ಕ.

ತೊಂದರೆ ಗೊತ್ತಾಯ್ತಾ? ವಾರದ ಮಧ್ಯೆ ಬರೀ ಅಗ್ಗದ ಕುದುರೆಗಳು ಓಡಿದವು ಅಂದುಕೊಳ್ಳಿ. ಅವು ನಿಧಾನವಾಗೇ ಓಡುತ್ತವೆ, ಯಾಕೆಂದರೆ ಅವು ಇರೋದೇ ನಿಧಾನ. ಆದರೆ ಈ ಲೆಕ್ಕಕ್ಕೆ ಅದು ತಿಳಿಯೋದಿಲ್ಲ. ವೇರಿಯಂಟ್ 25 ಬಂತು, ಅಂದರೆ ಟ್ರ್ಯಾಕೇ ನಿಧಾನವಿತ್ತು ಅಂತ ತೀರ್ಮಾನ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಕುದುರೆಯ ತಪ್ಪನ್ನೆಲ್ಲ ಟ್ರ್ಯಾಕಿನ ಮೇಲೆ ಹಾಕಿಬಿಡುತ್ತಿತ್ತು. ದೊಡ್ಡ ರೇಸಿನ ದಿನ ಇದರ ಉಲ್ಟಾ. ಒಳ್ಳೆಯ ಕುದುರೆಗಳು ಜೋರಾಗಿ ಓಡಿ ವೇರಿಯಂಟ್ ಸಣ್ಣದಾಗಿ, ಅವಕ್ಕೇ ಅನ್ಯಾಯ.

ಪ್ರಶ್ನೆ: ಪಾರ್ ಟೈಮ್ ವಿಧಾನ, ಪ್ರೊಜೆಕ್ಷನ್ ವಿಧಾನ ಅಂತ ಎರಡು ಇವೆಯಂತೆ. ವ್ಯತ್ಯಾಸ ಅರ್ಥವಾಗೋ ಹಾಗೆ ಹೇಳಿ, ಸೂತ್ರ ಬೇಡ.

ಉತ್ತರ: ಸೂತ್ರ ಬೇಡ ಅಂದರೂ ಅಂಕಿ ಬೇಕೇ ಬೇಕು, ಒಂದು ದಿನ ತೋರಿಸುತ್ತೇನೆ. ಅಂಕಿ ನನ್ನದೇ, ಲೆಕ್ಕಕ್ಕೆ ಅಂತ ಕಟ್ಟಿದ್ದು.

ಪಾರ್ ಅಂದರೆ ಆ ಟ್ರ್ಯಾಕಿನಲ್ಲಿ, ಆ ದೂರಕ್ಕೆ, ಆ ದರ್ಜೆಯ ಕುದುರೆಗಳು ಸಾಮಾನ್ಯವಾಗಿ ಗೆಲ್ಲುವ ಟೈಮ್. ಹಳೆಯ ಲೆಕ್ಕದ ರೋಗಕ್ಕೆ ಇದೇ ಮದ್ದು. ಅಗ್ಗದ ಕುದುರೆಯನ್ನು ಅಗ್ಗದ ಕುದುರೆಯ ಟೈಮಿಗೇ ಹೋಲಿಸುತ್ತೀರಿ. ಒಂದು ದಿನ 6 ಫರ್ಲಾಂಗಿನ ಐದು ರೇಸ್ ನಡೆದವು. ಮೊದಲನೆಯದು ಪಾರ್‌ಗಿಂತ 0.6 ಸೆಕೆಂಡ್ ನಿಧಾನ. ಮೂರನೆಯದು 0.5, ಐದನೆಯದು 0.7, ಒಂಬತ್ತನೆಯದು 0.6, ಎಲ್ಲ ನಿಧಾನವೇ. ಏಳನೇ ರೇಸ್ ಮಾತ್ರ ಪಾರ್‌ಗಿಂತ 0.2 ಸೆಕೆಂಡ್ ಜೋರು.

ಪಾರ್ ವಿಧಾನದವರು ಐದನ್ನೂ ಕೂಡಿಸಿ ಐದರಿಂದ ಭಾಗಿಸುತ್ತಾರೆ. 0.44 ಬರುತ್ತದೆ. ಟ್ರ್ಯಾಕ್ ಅಷ್ಟು ನಿಧಾನವಿತ್ತು, ಹಾಗಾಗಿ ಏಳನೇ ರೇಸ್ ಗೆದ್ದ ಕುದುರೆ ಪಾರ್‌ಗಿಂತ ನಿಜಕ್ಕೂ 0.64 ಸೆಕೆಂಡ್ ಜೋರು. ಇನ್ನು ಕೆಲವರು, ಏಳನೆಯದು ಗುಂಪಿಗೆ ಸೇರದ್ದು, ಅದನ್ನು ಸರಾಸರಿಯಿಂದ ತೆಗೆಯಿರಿ ಅನ್ನುತ್ತಾರೆ. ಆಗ ಉಳಿದ ನಾಲ್ಕರ ಸರಾಸರಿ 0.6, ಅದೇ ಕುದುರೆ ಈಗ 0.8 ಸೆಕೆಂಡ್ ಜೋರಾಯಿತು. ನೋಡಿ, ಕುದುರೆ ಓಡಿದ್ದು ಒಂದೇ ಓಟ. ಒಂದು ರೇಸನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಅನ್ನೋದರಲ್ಲೇ ಹತ್ತಿರ ಹತ್ತಿರ ಒಂದು ಲೆಂತ್, ಅಂದರೆ ಒಂದು ಕುದುರೆಯ ಉದ್ದದಷ್ಟು ವ್ಯತ್ಯಾಸ ಹುಟ್ಟಿತು.

ಪ್ರೊಜೆಕ್ಷನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರಿಗೆ ದರ್ಜೆಯ ಸರಾಸರಿ ಬೇಡ, ಓಡಿದ ಕುದುರೆಗಳ ಚರಿತ್ರೆ ಬೇಕು. ಏಳನೇ ರೇಸಿನಲ್ಲಿ ಎರಡನೆಯದಾಗಿ, ಮೂರನೆಯದಾಗಿ, ನಾಲ್ಕನೆಯದಾಗಿ ಬಂದ ಕುದುರೆಗಳು ಹಿಂದಿನ ನಾಲ್ಕೈದು ಓಟಗಳಲ್ಲಿ ಎಷ್ಟು ಅಂಕ ಮಾಡಿದ್ದವು? ಮೂರೂ 84, 85ರ ಆಸುಪಾಸಿನಲ್ಲೇ ಸುತ್ತುತ್ತಿದ್ದವು ಅನ್ನಿ. 0.8 ಸೆಕೆಂಡಿನ ಲೆಕ್ಕ ಹಿಡಿದರೆ ಮೂರೂ ಒಟ್ಟಿಗೆ ಒಂದೇ ಮಧ್ಯಾಹ್ನ 94ಕ್ಕೆ ಹಾರಬೇಕು. ಒಂದು ಕುದುರೆ ಇದ್ದಕ್ಕಿದ್ದಂತೆ ಸುಧಾರಿಸಬಹುದು, ಮೂರೂ ಒಟ್ಟಿಗೆ? ನಂಬೋದು ಕಷ್ಟ. ಹಾಗಾದರೆ ಟ್ರ್ಯಾಕೇ ಆ ಹೊತ್ತಿಗೆ ಬದಲಾಗಿರಬೇಕು. ನೀರು ಹಾಕಿರಬಹುದು, ಗಾಳಿ ತಿರುಗಿರಬಹುದು. ಆ ರೇಸಿಗೆ ಮಾತ್ರ ಬೇರೆ ವೇರಿಯಂಟ್ ಹಾಕಿ, ಗೆದ್ದ ಕುದುರೆಗೆ 90ರ ಒಳಗೇ ಕೊಟ್ಟು ಸುಮ್ಮನಾಗುತ್ತಾರೆ.

ಇದರಲ್ಲಿ ಯಾರು ಸರಿ? ನನ್ನ ಮಟ್ಟಿಗೆ ಪ್ರೊಜೆಕ್ಷನ್ನೇ ಮೇಲು, ಕುದುರೆಗಳ ಹಳೆಯ ಅಂಕ ನಂಬಿಕೆಗೆ ಅರ್ಹವಾಗಿದ್ದರೆ. ಎಲ್ಲ ಎರಡು ವರ್ಷದ ಕುದುರೆಗಳು, ಅದರಲ್ಲೂ ಅರ್ಧ ಮೊದಲ ಸಲ ಓಡ್ತಿವೆ ಅಂದರೆ ಪ್ರೊಜೆಕ್ಷನ್‌ಗೆ ಹಿಡಿಯೋಕೆ ಕೊಂಬೆಯೇ ಇಲ್ಲ, ಅಲ್ಲಿ ಪಾರ್ ವಿಧಾನವೇ ಗತಿ. ಪ್ರೊಜೆಕ್ಷನ್ನಿನ ಇನ್ನೊಂದು ಅಪಾಯವನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಕುದುರೆ ಇಷ್ಟೇ ಓಡಬೇಕಿತ್ತು ಅಂತ ಮೊದಲೇ ತೀರ್ಮಾನಿಸಿ ಕೂತರೆ, ನಿಜವಾಗಿಯೂ ಭಯಂಕರವಾಗಿ ಓಡಿದ ದಿನವೂ ಅದನ್ನು ಎಳೆದು ಕೆಳಗೆ ಕೂರಿಸುತ್ತೀರಿ. ವರ್ಷಗಟ್ಟಲೆ ಹೀಗೇ ಹಳೆ ಅಂಕದಿಂದ ಹೊಸ ಅಂಕ ಮಾಡುತ್ತಾ ಹೋದರೆ ಇಡೀ ಅಳತೆಗೋಲೇ ಗೊತ್ತಾಗದಂತೆ ಜಾರಬಹುದು. ಅದಕ್ಕೇ ಆಗಾಗ ಪಾರ್ ಟೈಮ್ ಜೊತೆ ತಾಳೆ ನೋಡಬೇಕು.

ಪ್ರಶ್ನೆ: ಒಂದು ಲೆಂತ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ ತಾನೇ?

ಉತ್ತರ: ಅಯ್ಯೋ, ಈ ಮಾತು ಕೇಳಿದರೆ ನನಗೆ ಇಡೀ ಒಂದು ಸೀಸನ್ ನೆನಪಾಗುತ್ತದೆ. ನಾನೂ ಹಾಗೇ ನಂಬಿ ನೋಟ್‌ಬುಕ್ ತುಂಬಾ ಲೆಕ್ಕ ಮಾಡಿದ್ದೆ. ಹತ್ತು ಲೆಂತ್ ಹಿಂದೆ ಬಂದ ಕುದುರೆಗೆ ಎರಡು ಸೆಕೆಂಡ್ ಸೇರಿಸು, ಅಂಕ ಹಾಕು. ಆಮೇಲೆ ವಿಚಿತ್ರ ಶುರುವಾಯಿತು. ದೂರ ಹಿಂದೆ ಬಿದ್ದಿದ್ದ ಕುದುರೆಗಳೆಲ್ಲ ಮುಂದಿನ ಓಟದಲ್ಲಿ ಸುಧಾರಿಸುತ್ತಿವೆ! ಏನೋ ಗುಟ್ಟು ಹಿಡಿದೆ ಅಂತ ಖುಷಿಯೋ ಖುಷಿ. ಎರಡು ತಿಂಗಳಾದ ಮೇಲೆ ತಲೆಗೆ ಹೊಳೆಯಿತು, ಕುದುರೆ ಸುಧಾರಿಸಿರಲಿಲ್ಲ, ಹಿಂದಿನ ಓಟದಲ್ಲಿ ನಾನೇ ಅದಕ್ಕೆ ಅಂಕ ಕಮ್ಮಿ ಕೊಟ್ಟಿದ್ದೆ.

ಲೆಕ್ಕ ಮಾಡಿ ನೋಡಿ. 6 ಫರ್ಲಾಂಗ್ ಅಂದರೆ 3,960 ಅಡಿ. 1 ನಿಮಿಷ 12 ಸೆಕೆಂಡಿನಲ್ಲಿ ಓಡಿದರೆ ಸೆಕೆಂಡಿಗೆ 55 ಅಡಿ. ಲೆಂತ್ ಅಂದರೆ ಕುದುರೆಯ ಮೂತಿಯಿಂದ ಬಾಲದವರೆಗಿನ ಉದ್ದ, ಎಂಟು ಎಂಟೂವರೆ ಅಡಿ. ಅಷ್ಟು ದೂರಕ್ಕೆ 0.15, 0.16 ಸೆಕೆಂಡ್ ಸಾಕು, 0.2 ಬೇಕಿಲ್ಲ. ಹತ್ತು ಲೆಂತ್‌ಗೆ 1.6 ಸೆಕೆಂಡ್ ಆಗೋ ಕಡೆ ನಾನು 2 ಹಾಕುತ್ತಿದ್ದೆ. ಎರಡೂವರೆ ಲೆಂತ್‌ನಷ್ಟು ತಪ್ಪು.

ಇನ್ನೊಂದು, ಒಂದು ಲೆಂತ್‌ನ ಬೆಲೆ ಎಲ್ಲ ದೂರಕ್ಕೂ ಒಂದೇ ಅಲ್ಲ. ಚಿಕ್ಕ ಓಟದಲ್ಲಿ ಒಂದು ಲೆಂತ್ ಅಂದರೆ ದೊಡ್ಡ ಮಾತು, ಒಂದೂವರೆ ಮೈಲಿಯ ಓಟದಲ್ಲಿ ಅಷ್ಟಿಲ್ಲ. ಬೇಯರ್ ಅಳತೆಯಲ್ಲಿ 6 ಫರ್ಲಾಂಗಿಗೆ ಒಂದು ಲೆಂತ್ ಸುಮಾರು ಎರಡೂವರೆ ಅಂಕ, ಒಂದು ಮೈಲಿಗೆ ಎರಡಕ್ಕಿಂತ ಸ್ವಲ್ಪ ಕಮ್ಮಿ. ಬ್ರಿಟನ್ನಿನವರ ತೂಕದ ಲೆಕ್ಕದಲ್ಲೂ ಇದೇ ನಡೆ, 5 ಫರ್ಲಾಂಗಿಗೆ ಒಂದು ಲೆಂತ್ ಅಂದರೆ 3 ಪೌಂಡ್ ಹತ್ತಿರ, ಮೈಲಿಗೆ 2.

ಪ್ರಶ್ನೆ: ರಾಗೊಜಿನ್ ಶೀಟಿನವರು ಹೊರಸುತ್ತಿನಲ್ಲಿ ಓಡಿದ್ದನ್ನೂ ಲೆಕ್ಕ ಹಾಕುತ್ತಾರಂತೆ. ಅದೆಲ್ಲ ಅತಿಯಾಯ್ತು ಅಲ್ವಾ ಸಾರ್?

ಉತ್ತರ: ಅತಿ ಅಲ್ಲ. ಶಾಲೆಯ ರೇಖಾಗಣಿತ ಸಾಕು ಇದಕ್ಕೆ. ಅರ್ಧ ವೃತ್ತದ ಒಂದು ತಿರುವು. ಒಂದು ಕುದುರೆ ಒಳಗಿನ ರೈಲಿಗೆ, ಅಂದರೆ ಟ್ರ್ಯಾಕಿನ ಅಂಚಿನ ಬೇಲಿಗೆ, ಅಂಟಿಕೊಂಡು ಓಡಿತು. ಇನ್ನೊಂದು ಅದರಿಂದ 2 ಮೀಟರ್ ಹೊರಗೆ. ಎರಡನೆಯದು ಓಡಿದ ಹೆಚ್ಚಿನ ದೂರ 2 ಗುಣಿಸು 3.14, ಅಂದರೆ 6 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎರಡೂವರೆ ಲೆಂತ್! ತಮಾಷೆ ಏನೆಂದರೆ ತಿರುವು ಚಿಕ್ಕದಾದರೂ ದೊಡ್ಡದಾದರೂ ಉತ್ತರ ಇದೇ, ಎಷ್ಟು ಹೊರಗೆ ಓಡಿತು ಅನ್ನೋದಷ್ಟೇ ಲೆಕ್ಕ. ಎರಡೂ ಒಟ್ಟಿಗೆ ಗೆರೆ ದಾಟಿದರೆ ಬೇಯರ್ ಫಿಗರ್ ಎರಡಕ್ಕೂ ಒಂದೇ. ಶೀಟಿನವರು ಹೊರಗೆ ಓಡಿದ ಕುದುರೆಗೆ ಒಳ್ಳೆಯ ಅಂಕ ಕೊಡುತ್ತಾರೆ. ಬೆನ್ನ ಮೇಲಿನ ತೂಕವನ್ನೂ ಸೇರಿಸುತ್ತಾರೆ, ಬೇಯರ್ ಸೇರಿಸೋದಿಲ್ಲ.

ಹಾಗಾದರೆ ಶೀಟೇ ಮೇಲು ಅಂತೀರಾ? ಸ್ವಲ್ಪ ತಡೀರಿ. ಟ್ರ್ಯಾಕಿನ ಒಳಭಾಗ ಕೆಸರಾಗಿ ಎಲ್ಲ ಜಾಕಿಗಳೂ ಬೇಕಂತಲೇ ಹೊರಗೆ ಹೋದ ದಿನ ಆ ಹೆಚ್ಚಿನ ದೂರ ನಷ್ಟವೋ ಲಾಭವೋ? ಗಣಿತ ನಷ್ಟ ಅನ್ನುತ್ತದೆ, ಕಣ್ಣು ಲಾಭ ಅನ್ನುತ್ತದೆ. ಮತ್ತೆ ಯಾವ ಕುದುರೆ ಎಷ್ಟು ಹೊರಗಿತ್ತು ಅನ್ನೋದನ್ನು ಒಬ್ಬ ಮನುಷ್ಯ ನೋಡಿ ಬರೆದುಕೊಳ್ಳಬೇಕು, ಅಲ್ಲೂ ತಪ್ಪಾಗುತ್ತದೆ. ಹೆಚ್ಚು ವಿಷಯ ಸೇರಿಸಿದಷ್ಟೂ ಅಂಕ ಸೂಕ್ಷ್ಮವಾಗುತ್ತದೆ, ಜೊತೆಗೆ ತಪ್ಪಿಗೆ ಬಾಗಿಲೂ ಜಾಸ್ತಿ. ನಾನು ಮಾಡೋದು ಹೀಗೆ: ಬೇಯರ್ ತರಹದ ಬರೀ ಟೈಮಿನ ಅಂಕ ಒಂದು ಕಡೆ, ಹೊರಗೆ ಎಷ್ಟು ಓಡಿತು ಅನ್ನೋ ಟಿಪ್ಪಣಿ ಪಕ್ಕದಲ್ಲಿ. ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡೋದಿಲ್ಲ.

ಪ್ರಶ್ನೆ: ದಾಖಲೆ ಟೈಮ್ ಮಾಡಿದ ಕುದುರೆಗೇ ಹೆಚ್ಚು ಅಂಕ ಬರಬೇಕು, ಅಲ್ವಾ?

ಉತ್ತರ: ಬರಬೇಕಂತಿಲ್ಲ. 2022ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಟ್ರ್ಯಾಕಿನ ಪೆಸಿಫಿಕ್ ಕ್ಲಾಸಿಕ್ ರೇಸನ್ನು ಫ್ಲೈಟ್‌ಲೈನ್ 19 ಲೆಂತ್‌ಗೂ ಮಿಕ್ಕಿ ಗೆದ್ದಿತು. ಟೈಮ್ 1:59.28. ಅದೇ ರೇಸನ್ನು ಅಲ್ಲೇ 2003ರಲ್ಲಿ ಕ್ಯಾಂಡಿ ರೈಡ್ ಗೆದ್ದಾಗ 1:59.11. ಗಡಿಯಾರ ನೋಡಿದರೆ ಹಳೆಯ ಕುದುರೆಯೇ ಜೋರು. ಬೇಯರ್ ಫಿಗರ್ ಮಾತ್ರ ಫ್ಲೈಟ್‌ಲೈನ್‌ಗೆ 126, ಕ್ಯಾಂಡಿ ರೈಡ್‌ಗೆ 123. ಎರಡು ದಿನಗಳ ಟ್ರ್ಯಾಕ್ ಬೇರೆ ಬೇರೆ, ಅಷ್ಟೇ.

ಪ್ರಶ್ನೆ: ನೀವು ಟೈಮ್ ಟೈಮ್ ಅಂತೀರಿ. ಟೈಮೇ ತಪ್ಪಾಗಿದ್ದರೆ?

ಉತ್ತರ: ಆಗಿದೆ, ಅದೂ ಸಾಮಾನ್ಯ ಕುದುರೆಗಲ್ಲ. 1973ರ ಪ್ರೀಕ್‌ನೆಸ್ ರೇಸಿನಲ್ಲಿ ಸೆಕ್ರೆಟೇರಿಯಟ್ ಗೆದ್ದಾಗ ಟ್ರ್ಯಾಕಿನ ಎಲೆಕ್ಟ್ರಾನಿಕ್ ಟೈಮರ್ 1:55 ತೋರಿಸಿತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನೋಡುತ್ತಿದ್ದ ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯವರು, ಇಲ್ಲ, ಇನ್ನೂ ಒಂದೂವರೆ ಸೆಕೆಂಡಿನಷ್ಟು ಬೇಗ ಓಡಿದೆ ಅಂದರು. ಆಗ ಅದನ್ನು 1:54.4 ಅಂತ ಮಾತ್ರ ತಿದ್ದಿದರು. ಮೇರಿಲ್ಯಾಂಡಿನ ರೇಸಿಂಗ್ ಕಮಿಷನ್ ಹಳೆಯ ವಿಡಿಯೊ ಪರಿಶೀಲಿಸಿ ಕೊನೆಗೆ 1:53 ಅಂತ ತಿದ್ದಿದ್ದು 2012ರಲ್ಲಿ. 39 ವರ್ಷ ಬೇಕಾಯಿತು! ಟೈಮರ್ ತೋರಿಸಿದ್ದಕ್ಕೂ ಇದಕ್ಕೂ ಎರಡು ಸೆಕೆಂಡ್, ಅಂದರೆ ಹತ್ತು ಹನ್ನೆರಡು ಲೆಂತ್. ಆ ತಪ್ಪು ಟೈಮಿನ ಮೇಲೆ ಯಾವ ವಿಧಾನದಲ್ಲಿ ಲೆಕ್ಕ ಮಾಡಿದರೂ ಅಂಕ ನೆಲಕ್ಕಿಳಿಯುತ್ತಿತ್ತು. ಪ್ರೊಜೆಕ್ಷನ್‌ನವರಿಗೆ ಮಾತ್ರ ಅನುಮಾನ ಬರುತ್ತಿತ್ತು, ಯಾಕೆಂದರೆ ಹಿಂದೆ ಬಂದ ಕುದುರೆಗಳೂ ಒಟ್ಟಿಗೆ ಕೆಟ್ಟದಾಗಿ ಓಡಿದ ಹಾಗೆ ಕಾಣುತ್ತಿತ್ತಲ್ಲ.

ಇಷ್ಟು ದೊಡ್ಡ ತಪ್ಪು ಅಪರೂಪ. ದಿನಾ ಕಾಡೋದು ರನ್-ಅಪ್. ಅಮೆರಿಕದಲ್ಲಿ ಗೇಟ್ ತೆಗೆದ ತಕ್ಷಣ ಗಡಿಯಾರ ಶುರುವಾಗೋದಿಲ್ಲ. ಕುದುರೆಗಳು ಸ್ವಲ್ಪ ದೂರ ಓಡಿ, ವೇಗ ಹಿಡಿದು, ಒಂದು ಗುರುತು ದಾಟಿದ ಮೇಲೆ ಶುರು. ಆ ದೂರ ಕೆಲವು ಕಡೆ ಕೆಲವೇ ಅಡಿ, ಕೆಲವು ಕಡೆ ನೂರು ಅಡಿಗೂ ಜಾಸ್ತಿ. ಉದ್ದದ ರನ್-ಅಪ್ ಇದ್ದರೆ ಟೈಮ್ ತಾನಾಗೇ ಚೆನ್ನಾಗಿ ಬರುತ್ತದೆ. ಹಾಗಾಗಿ ಬೇರೆ ಊರಿನ ಪಾರ್ ಟೈಮ್ ಎತ್ತಿಕೊಂಡು ಬಂದು ಇಲ್ಲಿ ಹಾಕಬೇಡಿ.

ಪ್ರಶ್ನೆ: ಹುಲ್ಲಿನ ಟ್ರ್ಯಾಕಿನ ಫಿಗರ್ ನಂಬಬಹುದಾ?

ಉತ್ತರ: ಕಮ್ಮಿ. ಹುಲ್ಲಿನ ಮೇಲೆ ಉದ್ದದ ಓಟಗಳಲ್ಲಿ ಅರ್ಧ ದಾರಿ ಎಲ್ಲರೂ ವಾಕಿಂಗ್ ಹೊರಟ ಹಾಗೆ ಹೋಗಿ, ಕೊನೆಯ ಎರಡು ಫರ್ಲಾಂಗ್ ಮಾತ್ರ ಓಡುತ್ತಾರೆ. ಒಟ್ಟು ಟೈಮ್ ನೋಡಿದರೆ ಕುದುರೆ ದಡ್ಡ ಅನ್ನಿಸುತ್ತದೆ. ಜೊತೆಗೆ ಹುಲ್ಲು ಸವೆಯದಿರಲಿ ಅಂತ ರೈಲನ್ನು ಒಂದೊಂದು ದಿನ ಒಂದೊಂದು ಕಡೆ ಸರಿಸುತ್ತಾರೆ, ಓಡುವ ದೂರವೇ ಬದಲಾಗುತ್ತದೆ.

ಪ್ರಶ್ನೆ: ಭಾರಿ ಅಂಕ ಮಾಡಿದ ಕುದುರೆ ಮುಂದಿನ ಸಲ ಬೀಳುತ್ತೆ, ಇದಕ್ಕೆ ಬೌನ್ಸ್ ಅಂತಾರೆ. ನಿಜವಾ, ಕಟ್ಟುಕಥೆಯಾ?

ಉತ್ತರ: ಬೀಳೋದು ನಿಜ. ಶೀಟಿನವರು ಕೊಡೋ ಕಾರಣ ಅರ್ಧ ಮಾತ್ರ ನಿಜ ಅಂತ ನನ್ನ ಅಭಿಪ್ರಾಯ. ಕುದುರೆ ಮೈಮುರಿದು ಓಡಿ ದಣಿದಿದೆ ಅನ್ನುತ್ತಾರೆ, ಇರಬಹುದು. ಆದರೆ ಆ ಭಾರಿ ಅಂಕದಲ್ಲಿ ಸ್ವಲ್ಪ ಅದೃಷ್ಟ, ಸ್ವಲ್ಪ ಲೆಕ್ಕದ ತಪ್ಪು ಸೇರಿರುತ್ತದೆ. ಮೇಲಿನ ಏಳನೇ ರೇಸಿನ ಗೆದ್ದ ಕುದುರೆಗೆ ಪಾರ್ ವಿಧಾನದಲ್ಲಿ ಜಾಸ್ತಿ ಅಂಕ ಕೊಟ್ಟಿರಿ ಅನ್ನಿ. ಮುಂದಿನ ಸಲ ಅದು ತನ್ನ ಮಾಮೂಲಿ ಓಟ ಓಡುತ್ತದೆ, ನೀವು ಬೌನ್ಸ್ ಆಯ್ತು ಅಂತೀರಿ. ಕುದುರೆ ಪಾಪ, ಎಲ್ಲಿಗೂ ಹಾರಿರಲಿಲ್ಲ, ಎಲ್ಲಿಂದಲೂ ಬಿದ್ದಿರಲಿಲ್ಲ.

ಪ್ರಶ್ನೆ: ನೇರವಾಗಿ ಕೇಳ್ತೀನಿ ಅಣ್ಣ, ಇದರಿಂದ ದುಡ್ಡು ಮಾಡಬಹುದಾ?

ಉತ್ತರ: ನೇರವಾಗಿ ಹೇಳ್ತೀನಿ, ಇಲ್ಲ ಅಂದುಕೊಂಡೇ ಇರಿ. ಆಂಡ್ರ್ಯೂ ಬೇಯರ್ ತಮ್ಮ ಅಂಕಗಳನ್ನು 1970ರ ದಶಕದಲ್ಲಿ ತಾವೇ ಲೆಕ್ಕ ಮಾಡಿ ಇಟ್ಟುಕೊಂಡಾಗ ಅದು ಬೇರೆಯವರ ಹತ್ತಿರ ಇರಲಿಲ್ಲ. 1991ರಲ್ಲಿ ರೇಸಿಂಗ್ ಟೈಮ್ಸ್ ಪತ್ರಿಕೆಯಲ್ಲಿ, 1992ರಿಂದ ಡೈಲಿ ರೇಸಿಂಗ್ ಫಾರ್ಮ್‌ನಲ್ಲಿ ಅಚ್ಚಾಗತೊಡಗಿತು. ಅಲ್ಲಿಗೆ ಎಲ್ಲರ ಕೈಗೂ ಬಂತು. ಅಲ್ಲಿನ ಬಾಜಿಯಲ್ಲಿ ನೀವು ಆಡೋದು ಬೇರೆ ಆಟಗಾರರ ದುಡ್ಡಿನ ಜೊತೆ. ಎಲ್ಲರೂ ನೋಡುವ ಅಂಕದ ಮೇಲೆ ಎಲ್ಲರೂ ಕಟ್ಟುತ್ತಾರೆ, ಗೆದ್ದರೂ ಬರೋದು ಕಮ್ಮಿ. ಅದರ ಮೇಲೆ ಟ್ರ್ಯಾಕಿನವರು ಗೆಲುವಿನ ಬಾಜಿಯಲ್ಲಿ ನೂರಕ್ಕೆ 15ರಿಂದ 20ರಷ್ಟು ಮೊದಲೇ ತೆಗೆದುಕೊಂಡಿರುತ್ತಾರೆ. ಲೆಕ್ಕದ ಮೋಜಿಗೆ ಬರೋದಾದರೆ ಬನ್ನಿ, ಮನೆ ಖರ್ಚಿಗೆ ಅಂತ ಬರಬೇಡಿ.

ಪ್ರಶ್ನೆ: ನಾನೇ ಅಂಕ ಹಾಕಿ ನೋಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಂದೇ ಟ್ರ್ಯಾಕ್ ಹಿಡಿಯಿರಿ. ಮಣ್ಣಿನ ಮೇಲಿನ ಓಟ ಮಾತ್ರ, ಮೊದಲು ಒಂದು ದೂರ ಸಾಕು. ಹೋದ ವರ್ಷದ ಫಲಿತಾಂಶಗಳಿಂದ ದರ್ಜೆವಾರು ಪಾರ್ ಟೈಮ್ ಮಾಡಿಕೊಳ್ಳಿ. ಸರಾಸರಿಗಿಂತ, ಟೈಮುಗಳನ್ನು ಕ್ರಮವಾಗಿ ಬರೆದಾಗ ನಟ್ಟನಡುವೆ ಬರುವ ಟೈಮ್ ತಗೊಂಡರೆ ಒಳ್ಳೆಯದು, ಮಳೆ ಬಂದ ಒಂದು ದಿನ ಎಲ್ಲವನ್ನೂ ಎಳೆದಾಡೋದಿಲ್ಲ. ಆಮೇಲೆ ದಿನದ ವೇರಿಯಂಟ್. ಅಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಗುಂಪಿಗೆ ಸೇರದ ರೇಸ್ ಕಂಡರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಅವತ್ತೇ ತೀರ್ಮಾನ ಮಾಡೋ ಅರ್ಜೆಂಟ್ ಏನಿಲ್ಲ. ಆ ರೇಸಿನ ಮೊದಲ ನಾಲ್ಕು ಕುದುರೆಗಳು ಮತ್ತೆ ಓಡೋವರೆಗೂ ಕಾಯಿರಿ. ಎರಡು ಮೂರು ವಾರದಲ್ಲಿ ಯಾವುದಾದರೂ ಒಂದು ಓಡೇ ಓಡುತ್ತದೆ, ಆಗ ಹಾಳೆ ತಿರುಗಿಸಿ ರಬ್ಬರ್ ತಗೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಕೆಲವು ಅಂಕಗಳನ್ನು ಮೂರು ಸಲ ಅಳಿಸಿ ಬರೆದು ಹಾಳೆಯೇ ತೂತಾಗಿದೆ.